ಚಂದ್ರಗುತ್ತಿಯ ಹರಕೆಯೂ ಕುಪ್ಪಳಿಯ ವಿವಾಹವೂ

ವಿದ್ಯೆಯೂ ಯಂತ್ರವೂ ಹಬ್ಬಿದಂತೆಲ್ಲ ಜನರ ದೈವಶ್ರದ್ಧೆಯು ಕುಗ್ಗುವುದೆಂದು ಹಿಂದಿನ ತಲೆಮಾರಿನ ಸುಧಾರಕರಲ್ಲಿ ಅನೇಕರು ನಂಬಿದ್ದರು. ಶಿವಮೊಗ್ಗೆಯ ಸುತ್ತಮುತ್ತ ಕಣ್ಣುಹಾಯಿಸಿದವರಿಗೆ, ಆ ನಂಬಿಕೆಯೇ ಒಂದು ಮೌಢ್ಯವೋ ಎಂಬ ಸಂದೇಹ ಹುಟ್ಟದಿರದು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಯಂತ್ರಗಳಿಗೆ ಆಯುಧಪೂಜೆಯ ಕುಂಕುಮವೇನೂ ತಪ್ಪಲಿಲ್ಲ. ನವುಲೆಯಲ್ಲಿ 1980ರಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಪರೀಕ್ಷೆ ಸಮೀಪಿಸಿದಾಗ ಗಣಪತಿಯನ್ನು ನೆನೆಯದ ವಿದ್ಯಾರ್ಥಿ ಎಲ್ಲಿಯೂ ವಿರಳವೇ. ಇದರಲ್ಲಿ ನಗತಕ್ಕುದೇನೂ ಇಲ್ಲ.

ಆದರೆ ನವುಲೆಯ ಆ ಕಾಲೇಜಿಗೆ ಆರು ವರ್ಷ ತುಂಬುವಷ್ಟರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ನಡೆದುದನ್ನು ವಾಚಕರು ಮರೆಯಲಾಗದು. ಪರಶುರಾಮನಿಗೆ ಬೆದರಿ ಓಡಿದ ರೇಣುಕೆಯು, ಉಟ್ಟ ಬಟ್ಟೆ ಕಳಚಿದುದನ್ನೂ ಅರಿಯದೆ ಅಲ್ಲಿಯ ಗುಹೆಯನ್ನು ಹೊಕ್ಕಳೆಂದು ಐತಿಹ್ಯ. ಅದರಂತೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುತ್ತಿದ್ದರು. ಇವರಲ್ಲಿ ದಲಿತರು, ಹಿಂದುಳಿದವರು, ಬಡವರೇ ಹೆಚ್ಚು. 1986ರ ಮಾರ್ಚ್ ತಿಂಗಳ ಜಾತ್ರೆಯಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರ ಸಮಾಜಸೇವಕರೂ ಈ ಸೇವೆಯನ್ನು ನಿಲ್ಲಿಸಲು ಯತ್ನಿಸಿದರು. ಜನಸ್ತೋಮವು ಕೆರಳಿ, ಅವರ ಮೇಲೂ ಪೊಲೀಸರ ಮೇಲೂ ಬಿದ್ದು, ಹೆಂಗಸರೆಂದೂ ನೋಡದೆ ಉಡುಪು ಕಿತ್ತು ಮೆರವಣಿಗೆ ಮಾಡಿತು. ಅನಂತರ ಸರ್ಕಾರವು ಬೆತ್ತಲೆಸೇವೆಯನ್ನು ನಿಷೇಧಿಸಿತು. 2017ರಲ್ಲಿ ವಿಧಾನಮಂಡಲವು ಅಮಾನುಷ ಅನಿಷ್ಟ ಪದ್ಧತಿಗಳ ವಿರುದ್ಧ ಇಡೀ ರಾಜ್ಯಕ್ಕೆ ಅನ್ವಯಿಸುವ ಶಾಸನವನ್ನೇ ಅಂಗೀಕರಿಸಿತು.

ನಿಷೇಧವು ಯುಕ್ತವಾದುದೆಂಬುದೇ ನಮ್ಮ ಮತ. ಸ್ತ್ರೀಯ ಮಾನವನ್ನು ಬೇಡುವ ಸೇವೆಯನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸುವುದು ಸಲ್ಲದು. ಆದರೂ ಒಂದು ಮಾತು. ಪಟ್ಟಣದ ಧನಿಕನು ವ್ಯಾಜ್ಯ ಗೆದ್ದುದಕ್ಕೆ ಚಿನ್ನದ ಕಿರೀಟವನ್ನೊಪ್ಪಿಸಿದರೆ ಅದನ್ನು ಭಕ್ತಿಯೆನ್ನುತ್ತೇವೆ. ಮಗು ಬದುಕಲಿ, ಮೈಯ ವ್ಯಾಧಿ ಹೋಗಲಿ ಎಂದು ಕೂಲಿಯ ಹೆಂಗಸು ತನ್ನಲ್ಲಿದ್ದುದನ್ನು ಒಪ್ಪಿಸಿದರೆ ಮೌಢ್ಯವೆನ್ನುತ್ತೇವೆ. ಕಿರೀಟಕ್ಕೆ ಯಾವ ಶಾಸನವೂ ಅಡ್ಡಬಂದಿಲ್ಲ. ಅವಳ ಊರಿನಲ್ಲಿ ವೈದ್ಯನಿದ್ದನೇ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಇದಕ್ಕೆ ಇಪ್ಪತ್ತು ವರ್ಷ ಮೊದಲು, 1966ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೇರೊಂದು ಬಗೆಯ ಪರಿವರ್ತನೆ ನಡೆದಿತ್ತು. ಕುವೆಂಪು ಅವರು ತಮ್ಮ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಪುರೋಹಿತರ ಹಂಗಿಲ್ಲದೆ, ವರದಕ್ಷಿಣೆ ಆಡಂಬರಗಳಿಲ್ಲದೆ ಮಂತ್ರಮಾಂಗಲ್ಯದ ಕ್ರಮದಲ್ಲಿ ನೆರವೇರಿಸಿದರು. ದೇವರನ್ನೇನೂ ಅವರು ಹೊರಗಟ್ಟಲಿಲ್ಲ. ಪ್ರಾಚೀನ ಮಂತ್ರಗಳನ್ನೇ ಆರಿಸಿ, ವಧೂವರರಿಗೆ ತಿಳಿಯುವಂತೆ ಕನ್ನಡದ ಅರ್ಥದೊಡನೆ ಇಟ್ಟರು. ಇದಕ್ಕೆ ಪೊಲೀಸಿನವರ ಕಾವಲು ಬೇಕಾಗಲಿಲ್ಲ. ಇಂದಿಗೂ ಎಷ್ಟೋ ಮಂದಿ ತಾವಾಗಿಯೇ ಆ ಕ್ರಮದಲ್ಲಿ ಮದುವೆಯಾಗುತ್ತಿದ್ದಾರೆ. ವಿದ್ಯಾವಂತರ ಮನೆಯಲ್ಲಿ ಇದು ಸುಲಭವೆಂದು ಆಕ್ಷೇಪಿಸುವವರುಂಟು, ಆಕ್ಷೇಪಣೆ ನ್ಯಾಯವಾದುದೇ.

ಚಂದ್ರಗುತ್ತಿಯ ಜಾತ್ರೆಯಂತೂ ನಿಂತಿಲ್ಲ. ಸೀರೆಯುಟ್ಟ ಹೆಂಗಸರು ಅದೇ ಹಳೆಯ ಕೋರಿಕೆಗಳನ್ನು ಹೊತ್ತು ಪ್ರತಿವರ್ಷವೂ ಆ ಬೆಟ್ಟವನ್ನು ಹತ್ತುತ್ತಾರೆ.