ಮಗುವಿನ ಎತ್ತರವೂ ಗ್ರಂಥಿಗಳೂ

"ಹುಡುಗನಿಗೆ ವರ್ಷ ಹತ್ತಾಯಿತು, ಆಳು ಮಾತ್ರ ಬೆಳೆಯಲಿಲ್ಲ" ಎಂದು ಕೊರಗುವ ಹೆತ್ತವರು ನಮ್ಮಲ್ಲಿ ಕಡಿಮೆಯಲ್ಲ. ಅಜ್ಜನೂ ಗಿಡ್ಡನೇ ಎಂದು ಕೆಲವರು ಸಮಾಧಾನ ಪಟ್ಟರೆ, ಇನ್ನು ಕೆಲವರು ಜಾಹೀರಾತಿನ ಪುಡಿಗಳಿಗೆ ಹಣ ಸುರಿಯುತ್ತಾರೆ. ಇವೆರಡಕ್ಕೂ ಮೊದಲು ದೇಹ ಬೆಳೆಯುವ ಕ್ರಮವನ್ನು ತಿಳಿಯುವುದು ಲೇಸು.

ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಇದಕ್ಕೆ ನಾಳವಿಲ್ಲ, ತನ್ನ ರಸವನ್ನು ನೇರವಾಗಿ ರಕ್ತಕ್ಕೇ ಬಿಡುತ್ತದೆ. ಇದರ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಮಗು ಗಾಢನಿದ್ರೆಯಲ್ಲಿರುವಾಗ. ಅದರ ಪ್ರಚೋದನೆಯಿಂದ ಪಿತ್ತಜನಕಾಂಗವು ಇನ್ನೊಂದು ರಸವನ್ನು ಹೊರಡಿಸುತ್ತದೆ. ಇವೆರಡೂ ಸೇರಿ ಉದ್ದೆಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯನ್ನು ಬೆಳೆಸುತ್ತವೆ. ಪ್ರಾಯಕ್ಕೆ ಬರುವಾಗ ಲೈಂಗಿಕ ಹಾರ್ಮೋನುಗಳೂ ಕೂಡಿಕೊಂಡು ಎತ್ತರ ಒಮ್ಮೆಲೇ ಏರುತ್ತದೆ. ಕೊನೆಗೆ ಅವೇ ಆ ಮೃದ್ವಸ್ಥಿಯನ್ನು ಗಟ್ಟಿ ಎಲುಬಾಗಿಸುತ್ತವೆ. ಆ ಮೇಲೆ ಯಾವ ಪುಡಿಯೂ ಎತ್ತರ ಕೊಡಲಾರದು.

ಕುತ್ತಿಗೆಯ ಥೈರಾಯಿಡ್ ಗ್ರಂಥಿಯ ಹೊಣೆ ಇನ್ನೂ ದೊಡ್ಡದು. ಹುಟ್ಟಿನಿಂದಲೇ ಅದರ ರಸ ಸಾಲದಿದ್ದರೆ ಎತ್ತರದೊಂದಿಗೆ ಬುದ್ಧಿಯೂ ಕುಂಠಿತವಾಗುತ್ತದೆ. ಹಸುಗೂಸಿನ ಹಿಮ್ಮಡಿಯಿಂದ ತೆಗೆದ ಕೆಲವು ತೊಟ್ಟು ರಕ್ತ ಸಾಕು, ಈ ಕೊರತೆಯ ಸುಳಿವು ಸಿಗುತ್ತದೆ. ಎರಡು ವಾರದೊಳಗೆ ಮದ್ದು ಆರಂಭಿಸಿದರೆ ಸಾಮಾನ್ಯವಾಗಿ ಮಗು ಎಲ್ಲರಂತೆಯೇ ಬೆಳೆಯುತ್ತದೆ. ಬಹಳ ತಡವಾದರೆ ಬುದ್ಧಿಗಾದ ನಷ್ಟ ತುಂಬಿ ಬಾರದು. ಆದುದರಿಂದ ಹೆರಿಗೆಯಾದ ಆಸ್ಪತ್ರೆಯಲ್ಲೇ ಈ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು.

ಈ ಗ್ರಂಥಿ ಕೆಲಸ ಮಾಡಲು ಅಯೋಡಿನ್ ಬೇಕು. 1956ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು, ಇಂದು ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಹಂಚಿ, ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂತು. ನಮ್ಮ ಮಳೆಗಾಲದ ತೇವಕ್ಕೆ ಉಪ್ಪು ನೀರೊಡೆದರೆ ಅಯೋಡಿನ್ ಕಡಿಮೆಯಾಗುತ್ತದೆ. ಉಪ್ಪಿನ ಭರಣಿಯ ಮುಚ್ಚಳ ಬಿಗಿಯಾಗಿರಲಿ. ಒಲೆಯ ಬಳಿ ಇಡುವುದು ಬೇಡ.

ಹೆತ್ತವರಿಗೆ ಖರ್ಚಿಲ್ಲದ ಒಂದು ಉಪಾಯವಿದೆ. ಪ್ರತಿ ವರ್ಷ ಬಿಸುವಿನ ದಿನ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಗೆರೆ ಎಳೆದು ತಾರೀಕು ಬರೆದಿಡಿ. ನಾಲ್ಕರ ಪ್ರಾಯ ದಾಟಿದ ಮಗು ವರ್ಷಕ್ಕೆ ಸುಮಾರು 5-6 ಸೆಂಟಿಮೀಟರ್ ಬೆಳೆಯುವುದು ಸಹಜ. 4ಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಿ. ಹಾರ್ಮೋನಿನ ಕೊರತೆಯಿದ್ದರೆ ಈಗ ಚುಚ್ಚುಮದ್ದಿದೆ. ಆದರೆ ಎಲುಬಿನ ತುದಿ ಗಟ್ಟಿಯಾಗುವ ಮೊದಲೇ ಕೊಡಬೇಕು. ಗಿಡ್ಡನಾಗಿರುವುದು ರೋಗವಲ್ಲ. ಆದರೆ ಗೋಡೆಯ ಗೆರೆ ಮೇಲೇರದಿದ್ದರೆ ಮುಂದಿನ ಬಿಸುವಿನವರೆಗೆ ಕಾಯಬಾರದು.