ಬಗ್‌ನಿಂದ ಬ್ಯಾಕ್‌ಔಟ್‌ವರೆಗೆ: ಫೈರ್‌ಫಾಕ್ಸ್‌ನವರ ಭಾಷೆ

ಓಪನ್ ಸೋರ್ಸ್‌ಗೆ ಕಾಂಟ್ರಿಬ್ಯೂಟ್ ಮಾಡ್ರಪ್ಪಾ ಅಂತ ಸೀನಿಯರ್‌ಗಳು ಹೇಳ್ತಾನೇ ಇರ್ತಾರೆ. ಸರಿ ಅಂತ ನಾವು ಫೈರ್‌ಫಾಕ್ಸ್‌ನ ಯಾವುದೋ ಒಂದು ಬಗ್ ಓಪನ್ ಮಾಡ್ತೀವಿ. ಅಲ್ಲಿ ನೋಡಿದ್ರೆ 'ಆರ್ ಪ್ಲಸ್', 'ನಿಟ್', 'ನೀಡ್‌ಇನ್ಫೋ', 'ಬ್ಯಾಕ್ಡ್ ಔಟ್'. ಎಲ್ಲ ಇಂಗ್ಲಿಷೇ, ಆದರೂ ಒಂದೂ ಅರ್ಥ ಆಗಲ್ಲ. ನಮ್ಮಲ್ಲಿ ಎಷ್ಟೋ ಜನ ವಾಪಸ್ ಬರೋದು ಕೋಡ್ ಕಷ್ಟ ಅಂತಲ್ಲ, ಈ ಪದಗಳಿಗೆ ಹೆದರಿ.

ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಒಂದು ಸಣ್ಣ ತಿದ್ದುಪಡಿ ಬಳಕೆದಾರರ ಕೈ ಸೇರುವವರೆಗೆ ಯಾವ ದಾರಿಯಲ್ಲಿ ಹೋಗುತ್ತೆ ಅಂತ ನೋಡಿದ್ರೆ ಸಾಕು. ಹೆಚ್ಚಿನ ಪದಗಳು ಒಂದೇ ಪ್ರಶ್ನೆಗೆ ಉತ್ತರ ಹೇಳ್ತವೆ: ಕೆಲಸ ಈಗ ಎಲ್ಲಿದೆ, ಯಾರ ಕೈಯಲ್ಲಿದೆ?

ಬಗ್ ಅಂದ್ರೆ ಬರೀ ತಪ್ಪಲ್ಲ

ಫೈರ್‌ಫಾಕ್ಸ್‌ನ ಕೆಲಸ ಬಗ್‌ಜಿಲ್ಲಾ ಅನ್ನೋ ವ್ಯವಸ್ಥೆಯಲ್ಲಿ ದಾಖಲಾಗುತ್ತೆ. ಅಲ್ಲಿ ಹೊಸ ಫೀಚರ್ ಸೇರಿಸೋದೂ ಬಗ್, ಹಳೇ ಕೋಡ್ ತೆಗೆಯೋದೂ ಬಗ್. ನಂಬರ್ ಇರುವ ಒಂದು ಫೈಲ್ ಅಂದುಕೊಳ್ಳಿ. ಬಂದ ಬಗ್‌ಗಳಲ್ಲಿ ಯಾವುದು ತುರ್ತು, ಯಾವುದು ಕಾಯಬಹುದು ಅಂತ ವಿಂಗಡಿಸೋದು ಟ್ರಯಾಜ್. ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲೂ ಇದೇ ಪದ. ತೀವ್ರತೆಗೆ ಎಸ್1ರಿಂದ ಎಸ್4ರವರೆಗೆ ದರ್ಜೆ ಇದೆ. ಎಸ್1 ಅತಿ ಗಂಭೀರ.

ಮೊದಲು ಸರಿಯಿದ್ದದ್ದು ಹೊಸ ಬದಲಾವಣೆಯಿಂದ ಕೆಟ್ಟರೆ ಅದು ರಿಗ್ರೆಷನ್. ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಹುಡುಕೋಕೆ ಮೊಜ್‌ರಿಗ್ರೆಷನ್ ಅನ್ನೋ ಟೂಲ್ ಇದೆ. ನಮ್ಮ ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಬೈನರಿ ಸರ್ಚೇ ಇದು. ಸರಿಯಿದ್ದ ಒಂದು ದಿನ, ಕೆಟ್ಟ ಒಂದು ದಿನ ಕೊಟ್ರೆ ಅದು ನಡುವಿನ ಬಿಲ್ಡ್ ಓಪನ್ ಮಾಡುತ್ತೆ. ಗುಡ್ ಅಥವಾ ಬ್ಯಾಡ್ ಅಂತ ಹೇಳೋದಷ್ಟೇ ನಮ್ಮ ಕೆಲಸ. 1000 ಬಿಲ್ಡ್ ಇದ್ರೂ ಸುಮಾರು 10 ಸಲ ನೋಡಿದ್ರೆ ಮುಗೀತು. ಒಂದು ಸಾಲೂ ಕೋಡ್ ಬರೆಯದೆ ಮಾಡಬಹುದಾದ ನಿಜವಾದ ಸಹಾಯ ಇದು.

ಪ್ಯಾಚ್ ಮತ್ತು ರಿವ್ಯೂ

ಹೊಸಬರಿಗೆ ಅಂತಲೇ ಗುರುತು ಹಾಕಿದ ಬಗ್‌ಗಳು 'ಗುಡ್ ಫಸ್ಟ್ ಬಗ್'. ಬ್ರೌಸರ್ ಪೂರ್ತಿ ಕಂಪೈಲ್ ಮಾಡೋಕೆ ನಮ್ಮ ಲ್ಯಾಪ್‌ಟಾಪ್‌ಗಳು ಒದ್ದಾಡ್ತವೆ. ಅದಕ್ಕೇ ಆರ್ಟಿಫ್ಯಾಕ್ಟ್ ಬಿಲ್ಡ್ ಇದೆ: ಸಿ ಪ್ಲಸ್ ಪ್ಲಸ್, ರಸ್ಟ್ ಭಾಗಗಳು ಮೊದಲೇ ಕಂಪೈಲ್ ಆಗಿ ಡೌನ್‌ಲೋಡ್ ಆಗ್ತವೆ, ನಾವು ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ಕಡೆ ಕೈ ಹಾಕಿದ್ರೆ ಸಾಕು. ಇಲ್ಲಿ 'ಕ್ರೋಮ್' ಅಂತ ಕಂಡ್ರೆ ಅದು ಗೂಗಲ್ ಬ್ರೌಸರ್ ಅಲ್ಲ. ವೆಬ್ ಪುಟದ ಸುತ್ತ ಇರುವ ಟ್ಯಾಬ್, ಬಟನ್, ಅಡ್ರೆಸ್ ಬಾರ್ ಎಲ್ಲ ಸೇರಿದ ಚೌಕಟ್ಟು. ಪುಟವನ್ನು ಬಿಡಿಸಿ ತೋರಿಸೋದು ಎಂಜಿನ್, ಫೈರ್‌ಫಾಕ್ಸ್‌ಗೆ ಗೆಕೊ.

ನಾವು ಮಾಡಿದ ಬದಲಾವಣೆ ಪ್ಯಾಚ್. ರಿವ್ಯೂವರ್ ಒಪ್ಪಿದ್ರೆ ಆರ್ ಪ್ಲಸ್. ನಿಟ್ ಅಂದ್ರೆ ಸೀರು, ಹೇನಿನ ಮೊಟ್ಟೆ! ಒಂದು ಸ್ಪೇಸ್ ಜಾಸ್ತಿ, ಕಾಮೆಂಟಿಗೆ ಫುಲ್‌ಸ್ಟಾಪ್ ಇಲ್ಲ, ಇಂಥವು. ಹತ್ತು ನಿಟ್ ಬಂದ್ರೆ ಬೇಜಾರಾಗೋದು ಸಹಜ. ಆದರೆ ನಿಟ್ ಅಂತ ಕರೆದಿದ್ದಾರೆ ಅಂದ್ರೆ ವಿಷಯ ಸಣ್ಣದು ಅಂತ ಅವರೇ ಹೇಳ್ತಿದ್ದಾರೆ. ನೀಡ್‌ಇನ್ಫೋ ಅಂದ್ರೆ 'ಇಂಥವರು ಉತ್ತರ ಕೊಡಬೇಕು'. ಮುಂದೆ ದಾರಿ ಕಾಣದಿದ್ರೆ ನಾವೂ ಮೆಂಟರ್ ಹೆಸರಿಗೆ ಅದನ್ನು ಹಾಕಬಹುದು.

ಟ್ರೀ, ಶೆರಿಫ್, ಬ್ಯಾಕ್‌ಔಟ್

ಎಲ್ಲರ ಕೋಡ್ ಸೇರುವ ಜಾಗ ಟ್ರೀ. ಪ್ಯಾಚ್ ಅಲ್ಲಿ ಸೇರಿತು ಅಂದ್ರೆ 'ಲ್ಯಾಂಡ್' ಆಯ್ತು. ಅದಕ್ಕೂ ಮುಂಚೆ ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಮೇಲೆ ಪರೀಕ್ಷಿಸಿ ನೋಡೋಕೆ 'ಟ್ರೈ' ಸರ್ವರ್ ಇದೆ, ಪಿಯುಸಿಯ ಪ್ರಿಪರೇಟರಿ ಎಕ್ಸಾಮ್ ಇದ್ದ ಹಾಗೆ. ಹಸಿರು ಬಂದ್ರೆ ಪಾಸ್, ಕಿತ್ತಳೆ ಬಂದ್ರೆ ಟೆಸ್ಟ್ ಫೇಲ್, ಕೆಂಪು ಬಂದ್ರೆ ಬಿಲ್ಡೇ ಆಗಿಲ್ಲ. ಸುಮ್ಮನೆ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳೂ ಇವೆ. ಅವು 'ಇಂಟರ್ಮಿಟೆಂಟ್'. ಆದ್ದರಿಂದ ಕಿತ್ತಳೆ ಕಂಡ ಕೂಡಲೇ ನಮ್ಮದೇ ತಪ್ಪು ಅನ್ನಬೇಕಾಗಿಲ್ಲ.

ಟ್ರೀ ಕಾಯೋರು ಶೆರಿಫ್‌ಗಳು. ಲ್ಯಾಂಡ್ ಆದ ಪ್ಯಾಚ್‌ನಿಂದ ಏನಾದರೂ ಕೆಟ್ಟರೆ ಅದನ್ನು ಹೊರಗೆ ತೆಗೀತಾರೆ. ಅದೇ ಬ್ಯಾಕ್‌ಔಟ್. ಓದಿದ ತಕ್ಷಣ ರಿಜೆಕ್ಟ್ ಮಾಡಿದ್ರು ಅನ್ನಿಸುತ್ತೆ. ಹಾಗಲ್ಲ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತ್ರೆ ಮೊದಲು ಪಕ್ಕಕ್ಕೆ ಸರಿಸ್ತಾರೆ, ರಿಪೇರಿ ಆಮೇಲೆ. ಇಲ್ಲೂ ಅಷ್ಟೇ, ಹಿಂದೆ ನಿಂತವರ ಕೆಲಸ ನಿಲ್ಲಬಾರದು. ಬಗ್ ಮತ್ತೆ ತೆರೆಯುತ್ತೆ, ಸರಿಮಾಡಿ ಮತ್ತೆ ಲ್ಯಾಂಡ್ ಮಾಡಬಹುದು. ವರ್ಷಗಳ ಅನುಭವ ಇರೋರ ಪ್ಯಾಚ್‌ಗೂ ಇದೇ ನಿಯಮ.

ನೈಟ್ಲಿಯಿಂದ ರಿಲೀಸ್‌ಗೆ

ಟ್ರೀಯಿಂದ ದಿನಕ್ಕೆ 2 ಸಲ ತಯಾರಾಗೋದು ನೈಟ್ಲಿ. ಆಮೇಲೆ ಬೀಟಾ, ಕೊನೆಗೆ ರಿಲೀಸ್. ರಿಲೀಸ್‌ಗಳ ನಡುವಿನ ಅಂತರವನ್ನು 2020ರಲ್ಲಿ 4 ವಾರಕ್ಕೆ ಇಳಿಸಿದರು. ತುರ್ತು ತಿದ್ದುಪಡಿಯನ್ನು ಕ್ಯೂ ಬಿಡಿಸಿ ನೇರ ಬೀಟಾಗೆ ಸೇರಿಸಿದ್ರೆ ಅಪ್‌ಲಿಫ್ಟ್. ಗೂಗಲ್ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಕಡೆ ಹೋದ್ರೆ ಪದಗಳು ಬೇರೆ, ದಾರಿ ಹೆಚ್ಚುಕಮ್ಮಿ ಅದೇ: ಪ್ಯಾಚ್‌ಗೆ ಸಿಎಲ್, ಒಪ್ಪಿಗೆಗೆ ಎಲ್‌ಜಿಟಿಎಂ, ನೈಟ್ಲಿ ಬದಲು ಕ್ಯಾನರಿ, ಗೆಕೊ ಬದಲು ಬ್ಲಿಂಕ್.

ಕೋಡ್ ಬೇಡ ಅನ್ನೋರಿಗೆ 'ಎಲ್10ಎನ್' ಇದೆ. ಲೋಕಲೈಸೇಶನ್‌ನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮೊದಲ ಎಲ್ ಮತ್ತು ಕೊನೆಯ ಎನ್ ನಡುವೆ 10 ಅಕ್ಷರ ಇವೆ, ಅದಕ್ಕೇ ಆ ಹೆಸರು. ಫೈರ್‌ಫಾಕ್ಸ್ ಕನ್ನಡದಲ್ಲೂ ಇದೆ. ಮೊಜಿಲ್ಲಾದ ಪಾಂಟೂನ್‌ನಲ್ಲಿ ಅದರ ಅನುವಾದಕ್ಕೆ ನಾವೂ ಸೇರಬಹುದು.

ಈ ವಾರಾಂತ್ಯ ಒಂದು ಕೆಲಸ ಮಾಡಿ. 'ರಿಸಾಲ್ವ್ಡ್ ಫಿಕ್ಸ್ಡ್' ಅಂತ ಮುಗಿದಿರುವ ಒಂದು ಗುಡ್ ಫಸ್ಟ್ ಬಗ್ ಹುಡುಕಿ, ಮೇಲಿಂದ ಕೆಳಗಿನವರೆಗೆ ಓದಿ. ಪ್ರತಿ ಕಾಮೆಂಟ್‌ನಲ್ಲೂ ಕೆಲಸ ಯಾರ ಕೈಯಲ್ಲಿದೆ ಅಂತ ಕೇಳ್ಕೊಳ್ಳಿ. ಅದು ಗೊತ್ತಾಗ್ತಾ ಹೋದ್ರೆ ಮುಂದಿನ ಬಗ್ ನಿಮ್ಮದೇ.