ಸಾಲದ ಚರಿತ್ರೆ ಮತ್ತು ವಿಮೆಯ ಬೆಲೆ

ಮಳೆಗಾಲದ ನಡುವೆ ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಕಡೆಯ ಅಡಿಕೆ ತೋಟವೊಂದಕ್ಕೆ ಹೋಗೋಣ. ಆಷಾಢ ಶ್ರಾವಣಗಳಲ್ಲಿ ಮಳೆ ಬಿಡುವಿಲ್ಲದೆ ಸುರಿದರೆ ಗೊನೆಗಳಿಗೆ ಕೊಳೆರೋಗ ತಗಲುತ್ತದೆ; ಎಳೆಯ ಕಾಯಿಗಳು ಕೊಳೆತು ಮರದ ಬುಡಕ್ಕೆ ಉದುರುತ್ತವೆ. ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸಿದ ಬೆಳೆಗಾರನಿಗೂ, ಆಕಾಶ ತೆರಪು ಕೊಡದಿದ್ದರೆ, ಎರಡನೆಯ ಸಿಂಪಡಣೆ ಕಷ್ಟವಾಗುತ್ತದೆ. ಅಂಥ ಒಂದು ವರ್ಷ ಫಸಲು ಕೈತಪ್ಪಿತು, ಬ್ಯಾಂಕಿನ ಸಾಲದ ಗಡುವು ಮೀರಿತು ಎಂದು ಭಾವಿಸೋಣ. ಈ ಬೆಳೆಗಾರನ ಬಳಿ ಒಂದು ಸ್ಕೂಟರೂ ಇದೆ. ಅವನು ಅದನ್ನು ಬಹು ಎಚ್ಚರಿಕೆಯಿಂದ ಓಡಿಸುತ್ತಾನೆ. ಇದುವರೆಗೆ ಒಂದು ಅಪಘಾತವೂ ಆಗಿಲ್ಲ. ಸಾಲದ ಗಡುವು ಮೀರಿದುದಕ್ಕಾಗಿ ಅವನ ಸ್ಕೂಟರಿನ ವಿಮೆಗೆ ಹೆಚ್ಚು ಹಣ ಕೇಳುವುದು ಸರಿಯೆ?

ಪ್ರಶ್ನೆ ವಿಚಿತ್ರವಾಗಿ ಕಾಣಬಹುದು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1990ರ ದಶಕದಿಂದೀಚೆಗೆ ಇದು ಬಳಕೆಯಲ್ಲಿರುವ ಪದ್ಧತಿ. ಅದರ ಹಿಂದಿರುವ ಗಣಿತವೇನು, ಅದು ಎಲ್ಲಿಯವರೆಗೆ ಸರಿ ಎಂಬುದನ್ನು ವಿಚಾರಿಸೋಣ.

ವಿಮೆಯ ಲೆಕ್ಕ

ವಿಮೆಯೆಂದರೆ ಕೆಲವರ ನಷ್ಟವನ್ನು ಹಲವರು ಹಂಚಿಕೊಳ್ಳುವ ಏರ್ಪಾಡು. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಂದು ಸಾವಿರ ಸ್ಕೂಟರುಗಳಲ್ಲಿ ವರ್ಷಕ್ಕೆ 20 ಅಪಘಾತಕ್ಕೀಡಾಗುತ್ತವೆ. ಒಂದೊಂದರ ನಷ್ಟ 10,000 ರೂಪಾಯಿ. ಒಟ್ಟು ನಷ್ಟ 2 ಲಕ್ಷ. ಇದನ್ನು ಸಾವಿರ ಜನ ಹಂಚಿಕೊಂಡರೆ ತಲೆಗೆ 200 ರೂಪಾಯಿ ಬೀಳುತ್ತದೆ. ಸಂಸ್ಥೆಯ ಖರ್ಚನ್ನು ಬಿಟ್ಟರೆ ಇದೇ ಪ್ರೀಮಿಯಂ.

ಈಗ ಸಂಸ್ಥೆಯು ಆ ಸಾವಿರ ಜನರನ್ನು, ಸಾಲವನ್ನು ಸಕಾಲಕ್ಕೆ ತೀರಿಸಿದವರು ಮತ್ತು ತೀರಿಸದವರು ಎಂದು ಐನೂರರ ಎರಡು ಗುಂಪುಗಳಾಗಿ ವಿಂಗಡಿಸಿತೆನ್ನಿ. ಮೊದಲನೆಯ ಗುಂಪಿನಲ್ಲಿ 6 ಅಪಘಾತಗಳು, ಎರಡನೆಯದರಲ್ಲಿ 14 ಕಂಡುಬಂದವು. ಆಗ ಮೊದಲ ಗುಂಪಿನವರ ಪಾಲು 120 ರೂಪಾಯಿ. ಎರಡನೆಯ ಗುಂಪಿನವರದು 280. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಎರಡನೆಯ ಗುಂಪಿನಲ್ಲಿ 486 ಜನ ಯಾವ ಅಪಘಾತವನ್ನೂ ಮಾಡಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅವರು ಹೆಚ್ಚು ಹಣ ತೆರುವುದು ತಮ್ಮ ನಡತೆಗಾಗಿ ಅಲ್ಲ, ತಾವು ಸೇರಿರುವ ಗುಂಪಿನ ಸರಾಸರಿಗಾಗಿ.

ಸಾಲದ ಜಾತಕ

ಒಬ್ಬನು ಎಷ್ಟು ಸಾಲ ಮಾಡಿದ, ಗಡುವಿಗೆ ತೀರಿಸಿದನೆ, ಎಷ್ಟು ಬಾಕಿ ಉಳಿಸಿಕೊಂಡ ಎಂಬ ವಿವರಗಳೆಲ್ಲ ಸೇರಿ ಅವನ ಸಾಲದ ಚರಿತ್ರೆಯಾಗುತ್ತದೆ. ನಮ್ಮ ದೇಶದಲ್ಲಿ ಇಂಥ ವಿವರಗಳನ್ನು ಕಲೆಹಾಕಲು ಸಿಬಿಲ್ ಎಂಬ ಸಂಸ್ಥೆ 2000ದಲ್ಲಿ ಸ್ಥಾಪಿತವಾಯಿತು. ಈ ಬಗೆಯ ಸಂಸ್ಥೆಗಳನ್ನು ನಿಯಂತ್ರಿಸುವ ಶಾಸನ 2005ರಲ್ಲಿ ಬಂದಿತು. ಸಿಬಿಲ್ ಅಂಕವು 300ರಿಂದ 900ರವರೆಗೆ ಇರುತ್ತದೆ. ಅಂಕ ಹೆಚ್ಚಿದಷ್ಟೂ ಬ್ಯಾಂಕುಗಳ ನಂಬಿಕೆ ಹೆಚ್ಚು.

ಅಮೆರಿಕದ ವಿಮಾ ಸಂಸ್ಥೆಗಳು ಇಂಥ ವಿವರಗಳಿಂದಲೇ ಮತ್ತೊಂದು ಬಗೆಯ ಅಂಕವನ್ನು ತಯಾರಿಸಿ ಪ್ರೀಮಿಯಂ ಕಟ್ಟಲು ಬಳಸುತ್ತವೆ. ಸಾಲದ ಅಂಕವು ಸಾಲ ಮರಳಿ ಬಂದೀತೆ ಎಂಬುದನ್ನು ಅಂದಾಜುಮಾಡಿದರೆ, ವಿಮೆಯ ಅಂಕವು ಪರಿಹಾರ ಕೊಡಬೇಕಾಗಿ ಬಂದೀತೆ ಎಂಬುದನ್ನು ಅಂದಾಜುಮಾಡುತ್ತದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2007ರಲ್ಲಿ ಹೊರತಂದ ವರದಿಯು, ವಾಹನ ವಿಮೆಯಲ್ಲಿ ಈ ಅಂಕಕ್ಕೂ ಪರಿಹಾರದ ಬೇಡಿಕೆಗಳಿಗೂ ಸಂಬಂಧವಿರುವುದು ನಿಜವೆಂದು ಒಪ್ಪಿತು. ಆದರೆ ಆ ಸಂಬಂಧಕ್ಕೆ ಕಾರಣವೇನೆಂಬುದನ್ನು ಖಚಿತವಾಗಿ ಹೇಳಲಾಗಲಿಲ್ಲ. ಹಣದಲ್ಲಿ ಜಾಗರೂಕನಾದವನು ರಸ್ತೆಯಲ್ಲಿಯೂ ಜಾಗರೂಕನಾಗಿರುವನೆಂದು ಕೆಲವರ ವಾದ. ಕೈಯಲ್ಲಿ ಹಣವಿದ್ದವನು ಸಣ್ಣಪುಟ್ಟ ರಿಪೇರಿಯನ್ನು ತಾನೇ ಮಾಡಿಸಿಕೊಳ್ಳುತ್ತಾನೆ, ಇಲ್ಲದವನು ಪರಿಹಾರ ಕೇಳಲೇಬೇಕಾಗುತ್ತದೆ ಎಂಬುದು ಮತ್ತೊಂದು ವಾದ. ಎರಡನೆಯ ವಾದ ನಿಜವಾದರೆ ಅಂಕವು ಅಳೆಯುವುದು ಎಚ್ಚರಿಕೆಯನ್ನಲ್ಲ, ಬಡತನವನ್ನು. ಕ್ಯಾಲಿಫೋರ್ನಿಯ, ಮ್ಯಾಸಚೂಸೆಟ್ಸ್ ಮತ್ತು ಹವಾಯಿ ಸಂಸ್ಥಾನಗಳಲ್ಲಿ ವಾಹನ ವಿಮೆಗೆ ಈ ಅಂಕವನ್ನು ಬಳಸಲು ಅವಕಾಶವಿಲ್ಲ.

ಎರಡು ಸಂಗತಿಗಳು ಜೊತೆಜೊತೆಯಾಗಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ನಮ್ಮ ಬೆಳೆಗಾರನ ಸಾಲ ಉಳಿದುದಕ್ಕೆ ಕಾರಣ ಮಳೆ. ಮಳೆಗೂ ಅವನು ಸ್ಕೂಟರು ಓಡಿಸುವ ರೀತಿಗೂ ಸಂಬಂಧವಿಲ್ಲ. ಅಂಕವು ಈ ಭೇದವನ್ನು ಅರಿಯದು. ಅದಕ್ಕೆ ಕಾಣುವುದು ಗಡುವು ಮೀರಿದ ದಿನಗಳು ಮಾತ್ರ. ಒಂದೇ ಮಳೆ ಅವನಿಂದ ಎರಡು ಸಲ ದಂಡ ವಸೂಲುಮಾಡಿದಂತಾಗುತ್ತದೆ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ವಾಹನ ವಿಮೆಯ ರೂಢಿಯ ಆಧಾರಗಳು ಬೇರೆ. ಇತರರಿಗೆ ಆಗುವ ಹಾನಿಯ ವಿಮೆಯ ದರವನ್ನು ಎಂಜಿನ್ನಿನ ಸಾಮರ್ಥ್ಯ ಮೊದಲಾದುವನ್ನು ನೋಡಿ ಸರ್ಕಾರ ಗೊತ್ತುಪಡಿಸುತ್ತದೆ. ಸ್ವಂತ ವಾಹನದ ಹಾನಿಯ ವಿಮೆಯಲ್ಲಿ, ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ತಕ್ಕಂತೆ ಶೇಕಡ 20ರಿಂದ 50ರವರೆಗೆ ರಿಯಾಯಿತಿ ದೊರೆಯುತ್ತದೆ. ಇದು ವ್ಯಕ್ತಿಯ ಅನುಭವವನ್ನೇ ಅಳೆಯುವ ಕ್ರಮ. ಆದರೂ ವಿಮಾ ಸಂಸ್ಥೆಗಳು ಸಾಲದ ವಿವರಗಳನ್ನು ಪಡೆಯಲು 2006ರ ನಿಯಮಾವಳಿಯಲ್ಲಿ ಅವಕಾಶವಿದೆ. ಬಾಗಿಲು ಮುಚ್ಚಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಬೆಳೆ ವಿಮೆಯ ದಾರಿಯಂತೂ ಇನ್ನೂ ಬೇರೆ. ಈ ದಾರಿಯನ್ನು ಬಹು ಹಿಂದೆಯೇ ತೋರಿಸಿದವರು ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿಯವರು. ಕೃಷಿ ವಿಮೆಯನ್ನು ಕುರಿತು 1920ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಅವರು, ಒಬ್ಬೊಬ್ಬ ರೈತನ ಹೊಲವನ್ನು ಪರೀಕ್ಷಿಸುವ ಬದಲು ಪ್ರದೇಶದ ಮಳೆಯನ್ನು ಅಳೆದು ಪರಿಹಾರ ಕೊಡಬಹುದೆಂದು ಸೂಚಿಸಿದರು. 2016ರಿಂದ ಜಾರಿಯಲ್ಲಿರುವ ಪುನರ್ರಚಿತ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆ ನಡೆಯುವುದು ಇದೇ ತತ್ತ್ವದ ಮೇಲೆ. ಕರ್ನಾಟಕದಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿಯ ವಿಮಾ ಮೊತ್ತ ಗೊತ್ತುಮಾಡಿದ ವರ್ಷಗಳಲ್ಲಿ ಬೆಳೆಗಾರನ ಪಾಲು ಅದರ ಶೇಕಡ 5, ಎಂದರೆ 6,400 ರೂಪಾಯಿ. ಮಿಕ್ಕ ಪ್ರೀಮಿಯಂ ಭಾರವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹೊರುತ್ತವೆ. ಸಾಲವನ್ನು ಚೊಕ್ಕಟವಾಗಿ ತೀರಿಸಿದವನಿಗೂ ಬಾಕಿದಾರನಿಗೂ ದರ ಒಂದೇ. ಪರಿಹಾರವನ್ನು ನಿರ್ಣಯಿಸುವುದು ಗ್ರಾಮ ಪಂಚಾಯಿತಿ ಮಟ್ಟದ ಹವಾಮಾನದ ಅಂಕಿಗಳು.

ಇಲ್ಲಿಯೂ ಸಾಲದ ನಂಟು ಪೂರ್ತಿ ಇಲ್ಲದಿಲ್ಲ. 2020ರವರೆಗೆ ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಾಗಿತ್ತು. ಆ ವರ್ಷದ ಮುಂಗಾರಿನಿಂದ ಅದು ಐಚ್ಛಿಕವಾಯಿತು. ಸಾಲವು ವಿಮೆಯ ಬಾಗಿಲಿಗೆ ರೈತನನ್ನು ಕರೆತಂದಿತೇ ಹೊರತು ಅದರ ಬೆಲೆಯನ್ನು ಏರಿಸಲಿಲ್ಲ.

ಮಳೆಯನ್ನು ಅಳೆಯುವುದರಲ್ಲಿ ಒಂದು ಗುಣವಿದೆ: ಬೆಳೆಗಾರನು ಮಳೆಯನ್ನು ಬದಲಿಸಲಾರನಾದ್ದರಿಂದ, ವಿಮೆಯಿದೆಯೆಂದು ಔಷಧಿ ಹೊಡೆಯದೆ ಸುಮ್ಮನಿದ್ದರೆ ಅವನಿಗೇ ನಷ್ಟ. ಒಂದು ದೋಷವೂ ಉಂಟು. ಮಲೆನಾಡಿನಲ್ಲಿ ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯದಿರಬಹುದು. ಮಾಪಕವಿರುವ ಕಡೆ ಕಡಮೆ ಮಳೆಯಾಗಿ ತೋಟದಲ್ಲಿ ಹೆಚ್ಚಾದರೆ, ಅಡಿಕೆ ಕೊಳೆತರೂ ಪರಿಹಾರ ಬಾರದು. ಸಾಲದ ಅಂಕದಂತೆ ಮಳೆಮಾಪಕವೂ ನಷ್ಟದ ಪ್ರತಿನಿಧಿಯೇ ಹೊರತು ನಷ್ಟವಲ್ಲ. ಆದರೆ ಮಳೆಗೂ ಕೊಳೆರೋಗಕ್ಕೂ ಇರುವ ಕಾರಣದ ಸಂಬಂಧವನ್ನು ವಿಜ್ಞಾನ ಬಲ್ಲದು. ಸಾಲಕ್ಕೂ ಅಪಘಾತಕ್ಕೂ ಇರುವ ನಂಟು ಅಷ್ಟು ಸ್ಪಷ್ಟವಲ್ಲ. ಮುಖ್ಯವಾದ ವ್ಯತ್ಯಾಸ ಇರುವುದು ಇಲ್ಲಿಯೇ.

ನಮ್ಮ ತರುಣ ಓದುಗರಲ್ಲಿ ಹಲವರು ವಿದ್ಯಾಭ್ಯಾಸಕ್ಕಾಗಿ ಬ್ಯಾಂಕಿನ ಸಾಲ ಪಡೆಯುವರು. ಅವರ ಸಾಲದ ಚರಿತ್ರೆಯ ಮೊದಲ ಪುಟ ಅಲ್ಲಿಯೇ ಬರೆಯಲ್ಪಡುತ್ತದೆ. ಅದನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆದು ನೋಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ತಪ್ಪಿದ್ದರೆ ತಿದ್ದಲು ದೂರು ಕೊಡಬಹುದು. 30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಯಾವುದಾದರೊಂದು ಅಂಕವು ನಮ್ಮ ಬೆಲೆಯನ್ನು ಕಟ್ಟಲು ಹೊರಟಾಗ ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವೆನೆಂದು ಹೇಳಿಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ನಾವು ಕಲಿಯಬೇಕು.